ಹುಣಸೆ ಬುಡದ ಮೂವತ್ತೇಳು ಹುಳು

ಪುಷ್ಯ ಮಾಸದ ಕೊನೆಯ ಸೋಮವಾರ. ರಾತ್ರಿ ಮಳೆಯೇನೂ ಬಂದಿಲ್ಲ, ಆದರೂ ಅತ್ತಿದೊಡ್ಡಿಯ ಹೊಲದಂಚಿನ ಹುಲ್ಲೆಲ್ಲ ಈಗಷ್ಟೇ ಮಿಂದು ಎದ್ದಂತೆ ನೀರು ತೊಟ್ಟಿಕ್ಕಿಸುತ್ತಿದೆ. ಅಂಥ ಇಬ್ಬನಿ. ಮಂಜಿನ ಕಂಬಳಿ ಹೊದ್ದು ಮಲಗಿದ ಬೆಟ್ಟಸಾಲು ಇನ್ನೂ ಎದ್ದಿಲ್ಲ. ಬೆಳಕು ಹರಿದು ಅರ್ಧ ಗಂಟೆಯಾದರೂ ಬಿಸಿಲಿಗೆ ಕಾವು ಬಂದಿಲ್ಲ. ದೂರದ ಕೌದಳ್ಳಿ ರಸ್ತೆಯಲ್ಲಿ, ಮಾದಪ್ಪನ ಬೆಟ್ಟಕ್ಕೆ ಹೊರಟ ಮೊದಲ ಬಸ್ಸು ದೀಪ ಹಾಕಿಕೊಂಡೇ ಏದುಸಿರು ಬಿಡುತ್ತಾ ಸಾಗುತ್ತಿದೆ.

ಹೊಲದ ಬದುವಿನ ಕಲ್ಲಿನ ಮೇಲೆ ಬಿಳಿಗಿರಿ ಕೂತಿದ್ದಾರೆ. ಐವತ್ತನಾಲ್ಕು ವಯಸ್ಸು. ಪ್ಯಾಂಟಿನ ಕಾಲುಗಳನ್ನು ಉದ್ದನೆಯ ಕಾಲುಚೀಲದೊಳಕ್ಕೆ ತುರುಕಿ, ಮೇಲೆ ದಾರ ಬಿಗಿದಿದ್ದಾರೆ. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಸುರುಳಿ ಸುತ್ತಿದ ಬಿಳಿ ಬಟ್ಟೆ. ಅದು ನೆನೆಯಬಾರದು.

"ಇಬ್ಬನಿ ಆರ್ಬೇಕು ಸಾ. ಒದ್ದೆ ಬಟ್ಟೆಗೆ ಉಳ ಅತ್ತಾಕಿಲ್ಲ," ಎಂದು ಕೆಲಸ ನೋಡಲು ಜೊತೆಗೆ ಬಂದವರಿಗೆ ಹೇಳುತ್ತಾರೆ. "ಅವೂ ನಮ್ಮಂಗೆ. ಚಳೀಲಿ ಎದ್ದು ಬಾ ಅಂದ್ರೆ ಯಾರು ಬತ್ತಾರೆ?"

ಎಂಟೂವರೆಗೆ ಹುಲ್ಲಿನ ತುದಿ ಒಣಗುತ್ತದೆ. ಬಿಳಿಗಿರಿ ಎದ್ದು, ಬಟ್ಟೆ ಬಿಚ್ಚಿ, ಕಣ್ಣಿಗೊತ್ತಿಕೊಳ್ಳುತ್ತಾರೆ. "ಮಾದೇವಾ" ಎಂದು ಒಮ್ಮೆ ಬೆಟ್ಟದ ಕಡೆ ತಿರುಗುತ್ತಾರೆ. ಒಂದು ಗಜ ಉದ್ದ, ಒಂದು ಗಜ ಅಗಲದ ಆ ಬಟ್ಟೆಯ ಒಂದಂಚಿಗೆ ಕೋಲು, ಕೋಲಿಗೆ ಹಗ್ಗ. ಹಗ್ಗ ಹಿಡಿದು ಕಾಡಿನ ಅಂಚಿನಲ್ಲಿ ಹತ್ತು ಹೆಜ್ಜೆ ಎಳೆಯುವುದು, ನಿಲ್ಲುವುದು, ಮಗುಚಿ ನೋಡುವುದು. ಬಿಳಿಯ ಮೇಲೆ ಕಂದು ಚುಕ್ಕಿಗಳು ಮೆಲ್ಲಗೆ ನಡೆಯುತ್ತಿರುತ್ತವೆ, ಸಾಸಿವೆ ಕಾಳಿಗಿಂತ ಸಣ್ಣವು. ದನದ ಕಿವಿಗೆ, ನಾಯಿಯ ಕೊರಳಿಗೆ ಹತ್ತುವ ಉಣ್ಣೆಹುಳುವಿನ ಜಾತಿಯವೇ, ಆದರೆ ಕಾಡಿನವು. ಒಂದೊಂದನ್ನೂ ಚಿಮುಟದಲ್ಲಿ ಎತ್ತಿ, ಒದ್ದೆ ಹತ್ತಿ ಇಟ್ಟ ಸಣ್ಣ ಸೀಸೆಗೆ ಬಿಡುತ್ತಾರೆ. ಸೀಸೆಯ ಮೇಲಿನ ಚೀಟಿಗೆ ಊರು, ಜಾಗ, ತಾರೀಕು, ಎಣಿಕೆ. ಬರೆಯುವುದು ಪೆನ್ಸಿಲ್ಲಿನಲ್ಲಿ. ಶಾಯಿಯಾದರೆ ತೇವಕ್ಕೆ ಅಳಿಸಿಹೋಗುತ್ತದೆ.

ಇವತ್ತು ಹನ್ನೊಂದು ಗಂಟೆಯೊಳಗೆ ಇಪ್ಪತ್ತೆರಡು ಹುಳು.

ಈ ಹುಳುಗಳಲ್ಲಿ ಮಂಗನ ಕಾಯಿಲೆಯ ವಿಷ ಇದೆಯೇ ಎಂದು ನೋಡಲು ಅವು ಲ್ಯಾಬಿಗೆ ಹೋಗಬೇಕು. ಎಪ್ಪತ್ತು ವರ್ಷದ ಹತ್ತಿರವಾಯಿತು, ಶಿವಮೊಗ್ಗ ಸೀಮೆಯ ಕಾಡೊಂದರಲ್ಲಿ ಮೊದಲು ಕಂಡ ಜ್ವರ ಅದು. ಹುಳು ಕಚ್ಚಿದರೆ ಬರುತ್ತದೆ. ಕೋತಿಗೂ ಬರುತ್ತದೆ, ಮನುಷ್ಯನಿಗೂ ಬರುತ್ತದೆ. ಕೋತಿ ಸತ್ತು ಬಿದ್ದರೆ, ಅದರ ಮೈಮೇಲಿದ್ದ ಹುಳುಗಳು ತಣ್ಣಗಾದ ಮೈ ಬಿಟ್ಟು ನೆಲಕ್ಕಿಳಿದು, ಮತ್ತೊಂದು ಬೆಚ್ಚನೆಯ ಮೈಗೆ ಕಾಯುತ್ತವೆ. ಜ್ವರಕ್ಕೆಂದೇ ಮಾಡಿದ ಔಷಧಿ ಇಲ್ಲ. ನೂರು ಜನಕ್ಕೆ ಬಂದರೆ ಮೂರೋ ಐದೋ ಜನ ಉಳಿಯುವುದಿಲ್ಲ. ಹಾಗಾಗಿ ಜ್ವರಕ್ಕಿಂತ ಮುಂಚೆ ಹುಳು ಸಿಕ್ಕಬೇಕು, ಹುಳು ತಪ್ಪಿದರೆ ಸತ್ತ ಕೋತಿಯಾದರೂ ಸಿಕ್ಕಬೇಕು. ಎರಡನ್ನೂ ಹುಡುಕುವುದು ಬಿಳಿಗಿರಿಯವರ ಕೆಲಸ. ಹೊರಗುತ್ತಿಗೆಯ ಕೆಲಸ. ಪಟ್ಟಿಯಲ್ಲಿ ಅವರ ಹುದ್ದೆಗೆ ಸರಿಯಾದ ಹೆಸರೂ ಇಲ್ಲ.

ಸೀಸೆಗಳನ್ನು ಚೀಲಕ್ಕೆ ಹಾಕಿಕೊಂಡು ಊರೊಳಗೆ ಬರುವಾಗ ಬಲಗಡೆಯ ಮೂರನೇ ಮನೆಯ ಜಗಲಿಯಲ್ಲಿ ಚಾಮುಂಡಮ್ಮ ನಿಂತಿರುತ್ತಾರೆ. ಹೋದ ವರ್ಷ ಗಂಡ ಮಾದಣ್ಣನನ್ನು ಜ್ವರಕ್ಕೆ ಕಳೆದುಕೊಂಡವರು. ಬಿಳಿಗಿರಿ ಈ ದಾರಿಯಲ್ಲಿ ಬಂದಾಗಲೆಲ್ಲ ಅವರು ಕೇಳುವುದು ಒಂದೇ ಮಾತು.

"ಬಂತಾ ಅಣ್ಣ?"

"ಇನ್ನೂ ಇಲ್ಲ ತಾಯಿ."

"ಮುಂದಿನ್ ಸೋಮ್ವಾರ ಬುಟ್ಟು ಅದ್ರಾಚೆ ಸೋಮ್ವಾರಕ್ಕೆ ವರ್ಸ ತುಂಬ್ತದೆ."

"ಗೊತ್ತು ಕಣವ್ವ."

ಅಷ್ಟೇ ಮಾತು. ಬಿಳಿಗಿರಿ ತಲೆ ತಗ್ಗಿಸಿ ಮುಂದಕ್ಕೆ ಹೋಗುತ್ತಾರೆ. ಮಾದಣ್ಣ ಯಾವ ಕಾಯಿಲೆಯಿಂದ ಸತ್ತ ಎಂಬುದು ಹನ್ನೊಂದು ತಿಂಗಳಾದರೂ ಈ ಮನೆಗೆ ತಿಳಿದಿಲ್ಲ. ಅವನ ರಕ್ತ ತೆಗೆದುಕೊಂಡು ಹೋದವರು ಬಿಳಿಗಿರಿ. ಉತ್ತರ ತರಬೇಕಾದವರೂ ತಾವೇ ಎಂದು ಅವರು ನಂಬಿದ್ದಾರೆ.

ಬಿಳಿಗಿರಿ ಯಳಂದೂರು ಕಡೆಯವರು. ಸುವರ್ಣಾವತಿ ಹೊಳೆಯ ಪಕ್ಕದ ಊರು. ಬೆಟ್ಟದ ರಂಗನಾಥನಿಗೆ ಹರಕೆ ಹೊತ್ತು ಹುಟ್ಟಿದ ಮಗನಾದ್ದರಿಂದ ಆ ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು. ಇಪ್ಪತ್ತನೇ ವಯಸ್ಸಿಗೆ ಮಲೇರಿಯಾದವರ ಜೊತೆ ಬೆನ್ನಿಗೆ ಪಂಪು ಕಟ್ಟಿಕೊಂಡು ಮನೆಮನೆಯ ಗೋಡೆಗೆ ಔಷಧಿ ಹೊಡೆಯಲು ಸೇರಿದರು. ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತದ ಹನಿ ಸವರುವುದನ್ನು ಅಲ್ಲೇ ಕಲಿತರು. ಮಲೇರಿಯಾ ಕಡಿಮೆಯಾಯಿತು, ಚಿಕುನ್‌ಗುನ್ಯಾ ಬಂತು. ಅದು ಹೋಯಿತು ಎನ್ನುವಷ್ಟರಲ್ಲಿ ಡೆಂಗಿ. ಆಮೇಲೆ ಇಡೀ ಲೋಕವೇ ಬಾಯಿಗೆ ಬಟ್ಟೆ ಕಟ್ಟಿಕೊಂಡ ಕಾಲ. ಪ್ರತಿ ಜ್ವರಕ್ಕೂ ಒಂದೊಂದು ಹೊಸ ಫಾರಂ ಬಂತು, ತುಂಬಿಸುವ ಕೈ ಮಾತ್ರ ಇದೇ.

ಈಗ ಹನೂರಿನಲ್ಲಿ ಬಾಡಿಗೆ ಮನೆ. ಹೆಂಡತಿ ಪ್ರೇಮಾ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾರೆ. ಸಂಜೆ ಗಂಡ ಬಂದರೆ ಹೊಸ್ತಿಲಿನಾಚೆಯೇ ತಡೆದು ನಿಲ್ಲಿಸುತ್ತಾರೆ. "ಬಟ್ಟೆ ಬಿಚ್ಚಾಕಿ ಬಿಸ್ನೀರ್‌ಗೆ ಅದ್ದು, ಆಮೇಲೆ ಮಾತಾಡ್ಸು. ಮದ್ವೆ ಆದಾಗ ಉಳದ ಜೊತೆ ಸಂಸಾರ ಅಂತ ನಮ್ಮಪ್ಪಂಗೆ ಏಳಿದ್ಯಾ?" ಎಂದು ಬೈಯುತ್ತಲೇ ಕುತ್ತಿಗೆ, ಕಂಕುಳು, ಮಂಡಿಯ ಹಿಂದೆ ಎಲ್ಲ ದೀಪ ಹಿಡಿದು ನೋಡುತ್ತಾರೆ. ಮೂರು ಸಲ ಸಿಕ್ಕಿವೆ. ಮೂರು ಸಲವೂ ಹತ್ತು ದಿನ ಇಬ್ಬರೂ ಬಾಯಿ ಬಿಡದೆ, ಜ್ವರ ಬರುತ್ತದೋ ಏನೋ ಎಂದು ಕಾದು ಕೂತಿದ್ದಾರೆ. ಬರಲಿಲ್ಲ.

ಅವರ ಪಾಲಿಗೆ ಹದಿನಾಲ್ಕು ಊರು. ದಿನಕ್ಕೆ ಎರಡು ಊರು, ಅರವತ್ತು ಮನೆ, ಹದಿನಾರು ಹದಿನೇಳು ಕಿಲೋಮೀಟರು ನಡಿಗೆ. ಮನೆಯ ಮುಂದೆ ನಿಂತು ಎರಡೇ ಪ್ರಶ್ನೆ. ಯಾರಿಗಾದರೂ ಜ್ವರ ಇದೆಯಾ? ಎಲ್ಲಾದರೂ ಕೋತಿ ಸತ್ತಿದೆಯಾ? ಎರಡನೇ ಪ್ರಶ್ನೆಗೆ ಬೈಗುಳ ಗ್ಯಾರಂಟಿ. ಬೆಳಿಗ್ಗೆ ಎದ್ದು ಆಂಜನೇಯನ ಸಾವು ಕೇಳುವವನನ್ನು ಯಾರು ತಾನೇ ಒಳಕ್ಕೆ ಕರೆದಾರು?

ಅತ್ತಿದೊಡ್ಡಿಯ ಟೀ ಅಂಗಡಿಯ ಬೆಂಚಿನಲ್ಲಿ ರಾಜಣ್ಣ ಕೂತಿರುತ್ತಾರೆ. ಊರಿಗೆ ಹಿರಿಯರು, ಆಂಜನೇಯನ ಗುಡಿಯ ಉಸ್ತುವಾರಿ ನೋಡುವವರು.

"ಏನ್ಲಾ ಬಿಳಿಗಿರಿ, ಇವತ್ತೂ ಬಟ್ಟೆ ಒಗ್ಯಾಕೆ ಕಾಡ್ಗೋಗಿದ್ದಾ?"

"ಊಂ ಕಣಣ್ಣ. ಕೊಳೆ ಬುಡ್ತಾ ಇಲ್ಲ."

"ಎಷ್ಟ್ ಸಿಕ್ತಾವೆ ದಿನಕ್ಕೆ? ಕೆಜಿ ಲೆಕ್ಕದಲ್ಲಿ ಮಾರ್ತೀಯಾ, ಡಜನ್ ಲೆಕ್ಕದಲ್ಲಾ?"

ಬೆಂಚೆಲ್ಲ ನಗುತ್ತದೆ. ಬಿಳಿಗಿರಿಯೂ ನಗುತ್ತಾರೆ. ನಕ್ಕರೆ ಟೀ ಸಿಕ್ಕುತ್ತದೆ, ಟೀ ಸಿಕ್ಕರೆ ಮಾತು ಸಿಕ್ಕುತ್ತದೆ. ಕೋತಿ ಸತ್ತ ಸುದ್ದಿ ಬರುವುದು ಅಂಥ ಮಾತಿನ ನಡುವೆಯೇ.

ಶಿವರಾತ್ರಿ ಹತ್ತಿರ ಬಂದಂತೆ ಬೆಟ್ಟಕ್ಕೆ ನಡೆದು ಹೋಗುವವರ ಸಾಲು ಶುರುವಾಗುತ್ತದೆ. ಕಾಡಿನ ಮಗ್ಗುಲಲ್ಲಿ ಟವೆಲ್ ಹಾಸಿ ಮಲಗುತ್ತಾರೆ, ತರಗೆಲೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ. ಬಿಳಿಗಿರಿ ಹುಳು ಹತ್ತದಂತೆ ಹಚ್ಚುವ ಎಣ್ಣೆಯ ಬಾಟಲಿ ಹಿಡಿದು ದಾರಿಯಲ್ಲಿ ನಿಲ್ಲುತ್ತಾರೆ. "ಮಾದಪ್ಪನ ಇಬೂತಿ ಇರೋವಾಗ ನಿನ್ನೆಣ್ಣೆ ಯಾತಕ್ಕಪ್ಪ?" ಎಂದು ಒಬ್ಬ ಅಜ್ಜಿ ಕೇಳಿದರೆ, "ಇಬೂತಿ ಅಣೆಗೆ ಕಣವ್ವ, ಎಣ್ಣೆ ಕಾಲ್ಗೆ. ಎರಡೂ ಅವನವೇ," ಎನ್ನುತ್ತಾ ಬಗ್ಗಿ ತಾವೇ ಆ ಕಾಲಿಗೆ ಸವರುತ್ತಾರೆ. ಅಜ್ಜಿ ತಲೆ ಮುಟ್ಟಿ ಹರಸಿ "ಉಘೇ ಮಾದಪ್ಪ" ಎಂದು ಮುಂದೆ ನಡೆಯುತ್ತಾಳೆ.

ಮಧ್ಯಾಹ್ನ ಎರಡರ ಬಸ್ಸಿಗೆ ಸೀಸೆಗಳೂ ರಕ್ತದ ಟ್ಯೂಬುಗಳೂ ಐಸ್ ತುಂಬಿದ ನೀಲಿ ಡಬ್ಬಿಯಲ್ಲಿ ಕೊಳ್ಳೇಗಾಲಕ್ಕೆ ಹೊರಡುತ್ತವೆ. ಡಬ್ಬಿ ಬಿಳಿಗಿರಿಯವರ ತೊಡೆಯ ಮೇಲೆ. ಕಂಡಕ್ಟರ್ ಮೂರ್ತಿ ಅವರನ್ನು ಹತ್ತು ವರ್ಷದಿಂದ ಬಲ್ಲವರು. ಬಸ್ಸು ತುಂಬಿ ತುಳುಕುವಾಗ ಬೇಕೆಂದೇ ಜೋರಾಗಿ ಕೇಳುತ್ತಾರೆ, "ಬಿಳಿಗಿರಣ್ಣ, ಡಬ್ಬೀಲಿ ಏನು, ಮೀನಾ?"

"ಅಲ್ಲ ಸಾ, ಜ್ವರ."

ಪಕ್ಕದಲ್ಲಿ ಕೂತವರು ಎದ್ದುಬಿಡುತ್ತಾರೆ. ನಿಂತು ನಿಂತು ಸುಸ್ತಾದ ಯಾರೋ ಮುದುಕರನ್ನು ಮೂರ್ತಿ ಆ ಸೀಟಿಗೆ ಕೂರಿಸುತ್ತಾರೆ. ಇದು ಅವರಿಬ್ಬರ ಹಳೆಯ ಒಪ್ಪಂದ.

ಕೊಳ್ಳೇಗಾಲದಿಂದ ಡಬ್ಬಿ ಬೇರೆ ವಾಹನ ಹತ್ತಿ ಲ್ಯಾಬಿಗೆ ಹೋಗುತ್ತದೆ. ಬಿಳಿಗಿರಿ ಬರೆದ ಎಣಿಕೆ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜಧಾನಿಗೆ, ಅಲ್ಲಿಂದ ದೆಹಲಿಗೆ, ದೆಹಲಿಯಿಂದ ಲೋಕದ ಆರೋಗ್ಯ ಕಾಯುವವರ ಮುಂದಿನ ದೊಡ್ಡ ನಕ್ಷೆಗೆ ಏರುತ್ತದೆ. ಎರಡು ವರ್ಷದ ಹಿಂದೆ ಒಂದು ತರಬೇತಿಯಲ್ಲಿ ಆ ನಕ್ಷೆಯನ್ನು ಪರದೆಯ ಮೇಲೆ ತೋರಿಸಿದರಂತೆ. ಲೋಕದ ಮುಂದಿನ ದೊಡ್ಡ ಕಾಯಿಲೆ ಎಲ್ಲಿಂದ ಹೊರಡುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ಕಾಡೂ ಊರೂ ತಾಗುವ ಜಾಗದಿಂದಲೇ ಹೊರಟೀತು, ನೀವು ಅದನ್ನು ಮೊದಲು ಕಾಣುವವರು ಎಂದು ಬಂದಿದ್ದ ಸಾಹೇಬರು ಹೇಳಿದರಂತೆ. ಬಿಳಿಗಿರಿಗೆ ಹೆಮ್ಮೆಯಾಯಿತು. ಜೊತೆಗೆ ಒಂದು ಅನುಮಾನವೂ ಬಂತು.

"ಕಾಲ್ಗೆ ಮುಳ್ಳು ಚುಚ್ಚುದ್ರೆ ತಲೆಗೆ ಗೊತ್ತಾಯ್ತದೆ, ಸರಿ. ಗೊತ್ತಾದ್ಮೇಲೆ ಕೈ ಕೆಳಿಕ್ ಬಂದು ಮುಳ್ ಕೀಳ್ಬೇಕಲ್ವಾ ಸಾ? ನಮ್ದು ಮೇಲಿಕ್ಕೇ ಓಯ್ತದೆ, ಕೆಳಿಕ್ ಬರ್ನೇ ಇಲ್ಲ."

ಅನುಮಾನ ನಿಜವಾದದ್ದು ಹೋದ ವರ್ಷ, ಪುಷ್ಯ ಕಳೆದು ಮಾಘ ಬರುವ ದಿನಗಳಲ್ಲಿ.

ಅತ್ತಿದೊಡ್ಡಿಯ ಗುಡಿಯ ಹಿಂದೆ ಒಂದು ಮುದಿ ಹುಣಸೆಮರ. ಕೋತಿಗಳ ಹಿಂಡು ರಾತ್ರಿ ತಂಗುವುದು ಅದರಲ್ಲೇ. ಒಂದು ಮಂಗಳವಾರ ಬಿಳಿಗಿರಿ ಎಂದಿನಂತೆ ಅದರ ಬುಡದಲ್ಲಿ ಬಟ್ಟೆ ಎಳೆದರು. ಮೂವತ್ತೇಳು ಹುಳು ಸಿಕ್ಕವು. ಸೀಸೆಗೆ ಹಾಕಿ, ಚೀಟಿ ಬರೆದು, ಕಳಿಸಿದರು.

ಐದು ದಿನ ಕಳೆಯಿತು. ಭಾನುವಾರ ಸಂಜೆ ಚಾಮುಂಡಮ್ಮ ಅಂಗಳದಲ್ಲಿ ಹರವಿದ್ದ ಕಡಲೆಕಾಯಿಗೆ ಒಂದು ಕೋತಿ ಬಂತು. ಓಡಿಸಿದರೂ ಹೋಗದೆ ಮಂಕಾಗಿ ಕೂತೇ ಇತ್ತು. ಚಾಮುಂಡಮ್ಮ ಕಲ್ಲು ಬೀಸಿದರು. ತಾಗಿತೋ ಇಲ್ಲವೋ, ಕೋತಿ ಎದ್ದು ತೂರಾಡುತ್ತಾ ಹೋಯಿತು. ಸೋಮವಾರ ಬೆಳಿಗ್ಗೆ ಹುಣಸೆಯ ಕೆಳಗೆ ಸತ್ತು ಬಿದ್ದಿತ್ತು.

ಈ ಸೀಮೆಯಲ್ಲಿ ಕೋತಿ ಸತ್ತರೆ ಅದು ಪ್ರಾಣಿಯ ಸಾವಲ್ಲ. ಆಂಜನೇಯನೇ ಮೈ ಬಿಟ್ಟ ಎಂದು ಲೆಕ್ಕ. ಸ್ನಾನ ಮಾಡಿಸಿ, ಕುಂಕುಮ ಇಟ್ಟು, ಹೊಸಬಟ್ಟೆ ಹೊದಿಸಿ, ಚಟ್ಟ ಕಟ್ಟಿ, ತಮಟೆಯೊಂದಿಗೆ ಊರು ಸುತ್ತಿಸಿ ಮಣ್ಣು ಮಾಡುತ್ತಾರೆ. ಆ ದಿನ ಸ್ನಾನ ಮಾಡಿಸಲು ಮುಂದೆ ಬಂದವನು ಮಾದಣ್ಣ. ಹೆಂಡತಿ ಬೀಸಿದ ಕಲ್ಲಿನ ಅಳುಕು ಅವನಿಗೂ ಇತ್ತು. ಬರಿಮೈಯಲ್ಲಿ ಕಲ್ಲುಹಾಸಿನ ಮೇಲೆ ಕೂತು, ಆ ಕೋತಿಯನ್ನು ಕೂಸಿನಂತೆ ಮಡಿಲಲ್ಲಿ ಕೂರಿಸಿಕೊಂಡ. ಚಾಮುಂಡಮ್ಮ ಅರಿಶಿನದ ನೀರು ಹೊಯ್ದರು. ಅವನು ಬೆನ್ನು, ಕೈ, ಬೆರಳ ಸಂದಿ ಎಲ್ಲ ತಿಕ್ಕಿ ತೊಳೆದ.

ಸುದ್ದಿ ಕೇಳಿ ಬಿಳಿಗಿರಿ ಓಡಿ ಬಂದಾಗ ಸ್ನಾನ ನಡೆಯುತ್ತಿತ್ತು. ನಿಯಮ ಅವರಿಗೆ ಬಾಯಿಪಾಠ: ಸತ್ತ ಕೋತಿಯನ್ನು ಯಾರೂ ಮುಟ್ಟಬಾರದು. ಪಶುವೈದ್ಯರು ಬರುವವರೆಗೆ ಕಾವಲಿರಬೇಕು. ವೈದ್ಯರು ಪರೀಕ್ಷೆಗೆ ಬೇಕಾದದ್ದು ತೆಗೆದುಕೊಂಡ ಮೇಲೆ ಸುಡಬೇಕು, ಸುತ್ತ ಐವತ್ತು ಮೀಟರ್ ಹುಳು ಸಾಯಿಸುವ ಪುಡಿ ಎರಚಬೇಕು. ಅಂದು ಅವರು ಬಾಯಿ ತೆರೆಯಲಿಲ್ಲ.

"ಕಿತ್ಕೊಂಡ್ ಸುಡ್ರಪ್ಪ ಅಂತ ಎಂಗ್ ಏಳ್ಳಿ ಸಾ? ನಾನೂ ಸನಿವಾರ ಒಪ್ಪೊತ್ತು ಇರೋನು," ಎನ್ನುತ್ತಾರೆ ಬಿಳಿಗಿರಿ. "ಊರೇ ರಾಮ ರಾಮ ಅಂತಿತ್ತು. ಕಾಲು ತಾನಾಗೇ ಚಪ್ಲಿ ಬುಟ್ಬುಡ್ತು. ಕೈ ಮುಕ್ಕಂಡು ನಿಂತ್ಕಬುಟ್ಟೆ. ಮುಗೀಲಿ, ಆಮೇಲೆ ಏಳುಮಾ ಅಂದ್ಕಂಡೆ. ಆಮೇಲೆ ಅನ್ನೋ ಒತ್ಗೆ ಮಣ್ಣಾಗೋಗಿತ್ತು."

ಆರನೇ ದಿನ ಮಾದಣ್ಣನಿಗೆ ಜ್ವರ. ಹಣೆ ಸಿಡಿಯುವ ನೋವು, ಕೈಕಾಲು ಮುರಿದು ಹಾಕಿದಂಥ ನೋವು. ಬಿಳಿಗಿರಿ ನರ್ಸಮ್ಮನನ್ನು ಕರೆತಂದು ರಕ್ತ ತೆಗೆಸಿದರು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೊಳ್ಳೇಗಾಲಕ್ಕೆ ಒಯ್ದರು. ಹೊರಡುವಾಗ ಚಾಮುಂಡಮ್ಮ ಕೇಳಿದ್ದರು, "ಇದ್ರಲ್ಲಿ ಏನದೆ ಅಂತ ಏಳ್ತಾರಾ ಅಣ್ಣ?" "ಏಳ್ತಾರೆ ತಾಯಿ. ನಾನೇ ಬಂದು ಏಳ್ತೀನಿ," ಎಂದಿದ್ದರು. ದೊಡ್ಡಾಸ್ಪತ್ರೆಗೆ ಸೇರಿಸಿದರು. ಮೂಗಿನಲ್ಲಿ, ವಸಡಿನಲ್ಲಿ ರಕ್ತ ಕಂಡಿತು. ಜ್ವರ ಬಂದ ಹನ್ನೆರಡನೇ ದಿನ ಮಾದಣ್ಣ ಹೊರಟುಹೋದ.

ಕೋತಿ ಹೊತ್ತ ಉಳಿದವರಿಗೆ ಏನೂ ಆಗಲಿಲ್ಲ. ಮೇಲಿನವರು ಬಂದು ಊರಿಗೆಲ್ಲ ಪುಡಿ ಎರಚಿಸಿ, ತಿಂಗಳು ಪೂರ್ತಿ ಜ್ವರ ನೋಡಿಸಿ ಹೋದರು. ಯಾವ ಕಾಯಿಲೆ ಎಂದರೆ "ಸಂಶಯ ಅಷ್ಟೇ" ಎಂದರು. ಸಂಶಯವನ್ನು ಊರು ತಾನೇ ಬಗೆಹರಿಸಿಕೊಂಡಿತು: ಕಲ್ಲು ಹೊಡೆದವಳ ತಾಳಿಯನ್ನು ದೇವರು ಕಿತ್ತುಕೊಂಡ. ವರ್ಷದ ಎಡೆಯ ದಿನ ಚಾಮುಂಡಮ್ಮ ಗುಡಿಯ ಮುಂದೆ ನಿಂತು, ನನ್ನ ಕಲ್ಲಿನಿಂದ ಆಯಿತು ಎಂದು ಊರಿನೆದುರು ಒಪ್ಪಿ ಅಡ್ಡಬೀಳಬೇಕು. ಅಲ್ಲಿಯವರೆಗೆ ಗುಡಿಯ ಮೆಟ್ಟಿಲು ಹತ್ತಬಾರದು. ಹಾಗೆಂದು ರಾಜಣ್ಣ ಹೇಳಿದರು, ಯಾರೂ ಎದುರಾಡಲಿಲ್ಲ. ಚಾಮುಂಡಮ್ಮನೂ ಎದುರಾಡಲಿಲ್ಲ. ಅವರೂ ಅದನ್ನೇ ನಂಬಿದ್ದರು.

"ಅಡ್ಡಬೀಳಾಕೆ ನಂಗೇನು ಬ್ಯಾಸ್ರಿಲ್ಲ ಅಣ್ಣ," ಎಂದು ಅವರು ಬಿಳಿಗಿರಿಗೆ ಒಮ್ಮೆ ಹೇಳಿದ್ದರು. "ದೇವ್ರ ಮುಂದೆ ಬೀಳಾದು ಏನ್ ದೊಡ್ಡದು? ಆದ್ರೆ ನಾನೇ ಕೊಂದ್ನಾ ಅನ್ನೋದು ಗೊತ್ತಾಗ್ಬೇಕು. ರಾತ್ರಿ ಮಗ್ಲು ಬದ್ಲಾಯಿಸ್ದಾಗೆಲ್ಲ ಆ ಕಲ್ಲು ಕೈಗ್ ಬತ್ತದೆ."

ಆ ಮಾತು ಕೇಳಿದ ಮೇಲೆ ಬಿಳಿಗಿರಿ ಕೊಳ್ಳೇಗಾಲಕ್ಕೆ ಡಬ್ಬಿ ತಂದಾಗಲೆಲ್ಲ ವಿಚಾರಿಸುತ್ತಿದ್ದಾರೆ. ಮೊದಲ ಲ್ಯಾಬು ಖಚಿತವಾಗಿ ಹೇಳಲಾಗದು ಎಂದು ರಕ್ತವನ್ನು ಇನ್ನೂ ದೊಡ್ಡ ಲ್ಯಾಬಿಗೆ ಕಳಿಸಿದೆ ಎಂದರು. ಆಮೇಲೆ, ಬಂದಾಗ ತಿಳಿಸುತ್ತೇವೆ ಎಂದರು. ಆಮೇಲೆ, ಕೇಳಿಸಿಕೊಳ್ಳುತ್ತಿದ್ದವರೇ ವರ್ಗವಾಗಿ ಹೋದರು. ಒಬ್ಬರು ಕೇಳಿದರು, "ಸತ್ತೋದವರ ರಿಪೋರ್ಟು ಯಾರಿಗ್ರೀ ಬೇಕು?" ಅವರು ಕೆಟ್ಟವರಲ್ಲ, ಕೆಲಸ ಹೆಚ್ಚಿತ್ತು ಎನ್ನುತ್ತಾರೆ ಬಿಳಿಗಿರಿ.

ಆ ಇಪ್ಪತ್ತೆರಡು ಹುಳುಗಳನ್ನು ಒಯ್ದ ದಿನ ಕೊಳ್ಳೇಗಾಲದ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಹೊಸ ಹುಡುಗಿ. ಹೆಸರು ನಾಗಶ್ರೀ. ಕೆಲಸಕ್ಕೆ ಸೇರಿ ಎರಡು ವಾರ. ಬಿಳಿಗಿರಿ ನಿಂತೇ ತಮ್ಮ ಪಾಕೆಟ್ ಪುಸ್ತಕದಿಂದ ಎರಡು ನಂಬರು ಓದಿದರು. ಒಂದು ರಕ್ತದ್ದು, ಒಂದು ಹುಣಸೆ ಬುಡದ ಸೀಸೆಯದ್ದು. ಅವಳು ಎರಡನ್ನೂ ಬರೆದಿಟ್ಟುಕೊಂಡಳು. ಬಿಡುವಾದಾಗಲೆಲ್ಲ ಹಳೆಯ ಪಟ್ಟಿಗಳನ್ನು ಒಂದೊಂದಾಗಿ ತೆರೆದು ಹುಡುಕಿದಳು. ಹತ್ತು ದಿನ ಬಿಟ್ಟು ಫೋನ್ ಮಾಡಿದಳು.

"ಅಂಕಲ್, ಸಿಕ್ತು. ಎರಡೂ ಒಂದೇ ಪಟ್ಟೀಲಿ ಇದೆ. ಜುಲೈನಲ್ಲೇ ಬಂದಿದೆ."

"ಜುಲೈ ಅಂದ್ರೆ..."

"ಹೌದು ಅಂಕಲ್. ಏಳು ತಿಂಗಳಾಯ್ತು."

ಜುಲೈಯಲ್ಲಿ ಕಾಯಿಲೆಯ ಕಾಲ ಮುಗಿದಿತ್ತು. ಹೊಸ ಜ್ವರ ಇರಲಿಲ್ಲ. ಉತ್ತರ ಲೆಕ್ಕಕ್ಕೆ ಸೇರಿತು, ನಕ್ಷೆಯಲ್ಲಿ ಒಂದು ಚುಕ್ಕಿಯಾಯಿತು, ಫೈಲು ಮುಚ್ಚಿತು. ಮನೆಯವರಿಗೆ ತಿಳಿಸುವುದು ಯಾರ ಕೆಲಸ ಎಂದು ಎಲ್ಲೂ ಬರೆದಿರಲಿಲ್ಲ. ನಾಗಶ್ರೀ ತನ್ನ ಮೇಲಿನವರನ್ನು ಕೇಳಿ, ಆ ಎರಡು ಸಾಲನ್ನು ಒಂದು ಹಾಳೆಗೆ ಇಳಿಸಿ, ಸಹಿ ಹಾಕಿಸಿ ಇಟ್ಟಿದ್ದಳು.

ಮೊದಲ ಸಾಲು: ಮಾದಣ್ಣನ ರಕ್ತದಲ್ಲಿ ಮಂಗನ ಕಾಯಿಲೆ ಇತ್ತು. ಎರಡನೇ ಸಾಲು: ಹುಣಸೆ ಬುಡದ ಮೂವತ್ತೇಳು ಹುಳುಗಳಲ್ಲೂ ಅದೇ ಇತ್ತು. ಅವು ಸಿಕ್ಕಿದ್ದು ಚಾಮುಂಡಮ್ಮ ಕಲ್ಲು ಬೀಸುವುದಕ್ಕೆ ಐದು ದಿನ ಮೊದಲು. ಕಾಯಿಲೆ ಆಗಲೇ ಮರದ ಕೆಳಗೆ ಬಂದು ಕೂತಿತ್ತು. ಮಂಕಾಗಿ ಕೂತಿದ್ದ ಕೋತಿ ಆಗಲೇ ಸಾಯುತ್ತಿತ್ತು.

ಮರುದಿನ ಕೊಳ್ಳೇಗಾಲಕ್ಕೆ ಹೋದ ಬಿಳಿಗಿರಿ ಹಾಳೆಯನ್ನು ಎರಡೆರಡು ಸಲ ಓದಿದರು. ನಾಗಶ್ರೀ ಸ್ವಲ್ಪ ಹಿಂಜರಿದು ಕೇಳಿದಳು, "ಅಂಕಲ್, ಸತ್ತ ಕೋತೀನ ಮುಟ್ಟಬಾರದು ಅಂತ ಅವತ್ತು ಅವರಿಗೆ ಗೊತ್ತಿತ್ತಾ?"

"ಅವರ್ಗೆ ಗೊತ್ತಿರ್ನಿಲ್ಲ ಕೂಸೆ. ನಂಗೊತ್ತಿತ್ತು."

ಅವಳು ಹಾಳೆಯನ್ನು ಮಡಿಸಿ ಅವರ ಕೈಗೆ ಕೊಟ್ಟಳು.

ಹಾಳೆ ಚಾಮುಂಡಮ್ಮನ ಕೈಯಿಂದ ಕಲ್ಲನ್ನು ಇಳಿಸುತ್ತದೆ. ಆದರೆ ಇಳಿದದ್ದು ಎಲ್ಲಿಗಾದರೂ ಹೋಗಬೇಕಲ್ಲ. ತಾವು ಕೈಮುಗಿದು ನಿಂತದ್ದನ್ನು ಊರು ಭಕ್ತಿ ಎಂದುಕೊಂಡಿದೆ. ಅದನ್ನು ಹಾಗೇ ಬಿಟ್ಟು ಬರಿಯ ಕಾಗದ ಕೊಟ್ಟು ಬರಬಹುದು. ಯಾರೂ ಕೇಳುವುದಿಲ್ಲ. ಆ ಸಂಜೆ ಬಿಳಿಗಿರಿ ಊಟ ಮುಟ್ಟಲಿಲ್ಲ. ಪ್ರೇಮಾ ತಟ್ಟೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡರು.

"ಏಳ್‌ಬುಡು," ಎಂದರು.

"ಕೆಲ್ಸ ಓಯ್ತದೆ, ಪ್ರೇಮಾ. ಆ ಊರೊಳಕ್ಕೆ ಕಾಲಿಡಾಕೆ ಬುಡ್ತಾರಾ?"

"ಓದ್ರೆ ಓಯ್ತದೆ. ದಿನಾ ನಿನ್ ಮೈಯೆಲ್ಲ ನೋಡ್ತೀನಿ, ಎಲ್ಲಾದ್ರೂ ಅತ್ಕಂಡದಾ ಅಂತ. ಇದು ಒಳೀಕೆ ಅತ್ಕಂಡದೆ. ಇದ್ನ ನಾನ್ ಕೀಳಾಕಾಗಲ್ಲ."

ಈ ಕೆಲಸದಲ್ಲಿ ನಿಮಗೇನು ಆಸೆ ಎಂದು ಕೇಳಿದರೆ ಬಿಳಿಗಿರಿ ಕಾಯಂ ಆಗುವ ಮಾತಾಡುವುದಿಲ್ಲ. "ರಕ್ತ ಕೊಟ್ಟ ಮನೆಗೆ ಉತ್ರ ಬರ್ಬೇಕು ಸಾ, ಅಷ್ಟೇಯ. ಒಳ್ಳೇದೋ ಕೆಟ್ಟದೋ. ಅದು ಅವರ ರಕ್ತ," ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ಎಷ್ಟು ಮನೆಗೆ ಹಾಗೆ ಒಯ್ದು ಕೊಟ್ಟಿದ್ದೀರಿ ಎಂದರೆ, ಬೆರಳು ಮಡಿಸಲು ಹೋಗಿ ಕೈ ಇಳಿಸುತ್ತಾರೆ. "ಇದೇ ಒಂದ್ನೇದು."

ವರ್ಷ ತುಂಬುವ ಹಿಂದಿನ ದಿನ, ಭಾನುವಾರ ಮಧ್ಯಾಹ್ನ. ಕೆಲಸವಿಲ್ಲದ ದಿನ ಬಿಳಿಗಿರಿ ಅತ್ತಿದೊಡ್ಡಿಗೆ ಬಂದಿದ್ದಾರೆ. ಬಟ್ಟೆಯಿಲ್ಲ, ಡಬ್ಬಿಯಿಲ್ಲ. ಚಾಮುಂಡಮ್ಮ ಜಗಲಿಯಲ್ಲಿ ನಾಳೆಯ ಎಡೆಗೆ ಅವರೆಕಾಯಿ ಬಿಡಿಸುತ್ತಿದ್ದಾರೆ. ನಾಳೆ ಏನೇನು ಆಗಬೇಕು ಎಂದು ಹೇಳಲು ಬಂದ ರಾಜಣ್ಣ ಕಂಬಕ್ಕೊರಗಿ ಕೂತಿದ್ದಾರೆ.

ಬಿಳಿಗಿರಿ ಚಪ್ಪಲಿ ಬಿಟ್ಟು ಜಗಲಿಯ ಕೆಳಗೇ ನಿಲ್ಲುತ್ತಾರೆ. ಈ ಸಲ ಚಾಮುಂಡಮ್ಮ "ಬಂತಾ" ಎಂದು ಕೇಳುವುದಿಲ್ಲ. ಅವರ ಮುಖ ನೋಡಿಯೇ ಕೈ ನಿಲ್ಲುತ್ತದೆ.

"ಬಂತು ತಾಯಿ. ಮಂಗನ ಕಾಯ್ಲೆನೇ. ನೀವು ಕಲ್ ಎತ್ತೋಕ್ ಮುಂಚೇನೇ ಅದು ಮರದ್ ಕೆಳಗಿತ್ತು. ನಾನೇ ಇಡ್ದಿದ್ದ ಉಳದಲ್ಲಿ ಸಿಕ್ಕದೆ. ಆ ಕೋತಿ ಸತ್ತಿದ್ದು ಜ್ವರಕ್ಕೆ. ನಿಮ್ ಕಲ್ಗಲ್ಲ."

ರಾಜಣ್ಣ ಕೆಮ್ಮುತ್ತಾರೆ.

"ಕಾಗ್ದ ಏನಾರ ಏಳ್ಳಿ ಕಣ್ಲಾ. ನಾವು ಅವತ್ತು ಸಾಸ್ತ್ರ ತಪ್ಪಿರ್ನಿಲ್ಲ. ಉಳಿದೋರ್ಗೆ ಆಗ್ದೇ ಇದ್ದುದ್ದು ಇವನೊಬ್ನಿಗೇ ಯಾಕಾಯ್ತು?"

"ಮಡ್ಲಲ್ಲಿ ಕೂರುಸ್ಕಂಡು ತೊಳ್ದೋನು ಅವನೊಬ್ನೇ ರಾಜಣ್ಣ. ಉಳ ಇಳ್ದಿದ್ದು ಅವನ ಮೈಗೆ." ಬಿಳಿಗಿರಿ ಒಂದು ಹೆಜ್ಜೆ ಮುಂದೆ ಬರುತ್ತಾರೆ. "ಮುಟ್ಬಾರ್ದು ಅಂತ ನಂಗೊತ್ತಿತ್ತು. ಅದ್ನ ಏಳಾದೇ ನನ್ ಕೆಲ್ಸ. ಅವತ್ತು ನಾನು ಏಳ್ನಿಲ್ಲ. ಕೈ ಮುಕ್ಕಂಡು ನಿಂತಿದ್ದೆ. ನಾಳೆ ಯಾರಾರ ಅಡ್ಡಬೀಳ್ಬೇಕು ಅಂದ್ರೆ ನಾನ್ ಬೀಳ್ಬೇಕು. ಇವ್ರಲ್ಲ."

ಒಂದು ಅವರೆಕಾಳು ಜಗಲಿಯಿಂದ ಉರುಳಿ ಕೆಳಗೆ ಬೀಳುತ್ತದೆ. ಚಾಮುಂಡಮ್ಮ ತಲೆ ಎತ್ತುತ್ತಾರೆ. ಕಣ್ಣಲ್ಲಿ ನೀರಿಲ್ಲ.

"ಅವತ್ತು ನೀನು ತಡ್ದಿದ್ರೆ ಉಳೀತಿದ್ರಾ ಅಣ್ಣ?"

"ಅವತ್ಗೂ ಮುಂಚೆ ಕಚ್ಚಿತ್ತೋ ಏನೋ, ಗೊತ್ತಿಲ್ಲ ತಾಯಿ." ಇಲ್ಲಿಗೇ ನಿಲ್ಲಿಸಬಹುದಿತ್ತು. ಬಿಳಿಗಿರಿ ನಿಲ್ಲಿಸುವುದಿಲ್ಲ. "ತಡ್ದಿದ್ರೆ... ಉಳೀಬೋದಿತ್ತು."

ರಾಜಣ್ಣ ಎದ್ದು ಹೆಗಲಿನ ಟವೆಲ್ ಕೊಡವಿ, ಬೀದಿಗೆ ಇಳಿದು ಹೋಗುತ್ತಾರೆ. ಗುಡಿಯ ಕಡೆಗೋ ಮನೆಯ ಕಡೆಗೋ, ಇಬ್ಬರೂ ತಿರುಗಿ ನೋಡುವುದಿಲ್ಲ.

ಬಿಳಿಗಿರಿ ಅಂಗಿಯ ಜೇಬಿನಿಂದ ಹಾಳೆ ತೆಗೆದು, ಮಡಿಕೆ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಚಾಚುತ್ತಾರೆ. ಚಾಮುಂಡಮ್ಮ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಮತ್ತೊಮ್ಮೆ ಒರೆಸಿಕೊಳ್ಳುತ್ತಾರೆ. ಆಮೇಲೆ ಎದ್ದು ನಿಂತು ಅದನ್ನು ತೆಗೆದುಕೊಳ್ಳುತ್ತಾರೆ.